ತಪ್ಪೊಪ್ಪಿಕೊಳ್ಳಲು ಬಂದ ಗುರುಗಳು

ಹೋದ ವಾರ ಇಳಕಲ್ಲಿನಿಂದ ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಹಿರಿಯರೊಬ್ಬರು ಡಬ್ಬಿ ತೆಗೆದು ತಪಕೀರು ಏರಿಸಿದರು. ಆ ನಸ್ಯದ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಸಂಸ್ಕೃತದ ಗುರುಗಳು ಪಕ್ಕದಲ್ಲೇ ಕುಳಿತಂತಾಯಿತು. ಹುನಗುಂದ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿದ್ದೆ...

ಹುನಗುಂದದ ಹೈಸ್ಕೂಲಿನಲ್ಲಿ ಅವರು ನಮಗೆ ಕಲಿಸಿದವರು. ನಮಗೆ ವ್ಯಾಕರಣ ಬೇಸರವಾದ ದಿನ ಪುಸ್ತಕ ಮುಚ್ಚಿಸಿ, ಮನುಷ್ಯನ ಒಳಗಿನ ಸಂಗತಿ ಹೇಳುತ್ತಿದ್ದರು. ಮನಸ್ಸು ಹೌದೋ ಅಲ್ಲವೋ ಎಂದು ಹೊಯ್ದಾಡುತ್ತದೆ, ಬುದ್ಧಿ ತೀರ್ಮಾನ ಕೊಡುತ್ತದೆ, ಚಿತ್ತ ಕಂಡದ್ದನ್ನೆಲ್ಲ ಕೂಡಿಟ್ಟುಕೊಳ್ಳುತ್ತದೆ. "ಈ ಮೂರು ಮಂದಿ ದುಡೀತಾರ. ನಾಕನೇದಂವ ಅಹಂಕಾರ. ಅಂವ ಏನೂ ಮಾಡೂದಿಲ್ಲ, ಎಲ್ಲಾ ನಾನ ಮಾಡೇನಿ ಅಂತಾನ" ಎಂದಾಗ ಇಡೀ ತರಗತಿ ನಕ್ಕಿತ್ತು. ಆ ಮಾತಿನ ಬೆನ್ನು ಹತ್ತಿಯೇ ನಾನು ತತ್ವಶಾಸ್ತ್ರ ಓದಿದೆ, ಡಾಕ್ಟರೇಟ್ ಪಡೆದೆ, ಬಾಗಲಕೋಟೆಯಲ್ಲಿ ಉಪನ್ಯಾಸಕಿಯಾದೆ.

ಡಾಕ್ಟರೇಟ್ ಬಂದ ವರ್ಷವೇ ಬಾದಾಮಿಯಲ್ಲೊಂದು ವಿಚಾರಗೋಷ್ಠಿ. ವಿಷಯ, ವೈದಿಕ ಮನಶ್ಶಾಸ್ತ್ರದಲ್ಲಿ ಅಹಂಕಾರ. ನಿವೃತ್ತರಾಗಿದ್ದ ಗುರುಗಳ ಭಾಷಣ ಮೊದಲು, ನಂತರ ನನ್ನದು. ವೇದಾಂತಿಗಳು ಒಳಗಿನ ಕರಣಗಳು ನಾಲ್ಕು ಎನ್ನುತ್ತಾರೆ, ಸಾಂಖ್ಯರು ಚಿತ್ತವನ್ನು ಬೇರೆಯಾಗಿ ಎಣಿಸದೆ ಮೂರೇ ಎನ್ನುತ್ತಾರೆ ಎಂದು ಅವರು ವಿವರಿಸಿದರು. ನಾನು ಮೈಕು ಹಿಡಿದವಳೇ, "ಗುರುಗಳು ಕ್ಷಮಿಸಬೇಕು. ಸಾಂಖ್ಯದಲ್ಲೂ ನಾಲ್ಕೇ. ಹಳೆಯ ತಲೆಮಾರಿನವರು ಇಲ್ಲಿ ಎಡವುವುದುಂಟು" ಎಂದುಬಿಟ್ಟೆ.

ಸಭೆಯೆಲ್ಲ ಅವರನ್ನೇ ನೋಡಿತು. ಅವರು ನಕ್ಕು, "ಇರಬೇಕು ಬಿಡವ್ವಾ. ನೀ ಭಾಳ ಓದಿದಾಕಿ" ಎಂದು ಕೈಮುಗಿದರು. ಜೋರಾಗಿ ಚಪ್ಪಾಳೆ ಬಿತ್ತು. ಅದರಲ್ಲಿ ನನಗೂ ಪಾಲಿದೆ ಎಂದುಕೊಂಡು ಕುಳಿತೆ.

ಮನೆಗೆ ಬಂದು ಪುಸ್ತಕ ತೆಗೆದೆ. ಮೂರು. ಅವರು ಹೇಳಿದ್ದೇ ಸರಿ. ನಾಳೆ ಫೋನ್ ಮಾಡೋಣ ಎಂದುಕೊಂಡೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಖುದ್ದಾಗಿ ಹೋಗೋಣ ಎಂದುಕೊಂಡೆ. ಪರೀಕ್ಷೆಗಳು ಮುಗಿಯಲಿ ಎಂದುಕೊಂಡೆ. ಹೀಗೇ ಒಂದು ತಿಂಗಳು...

ಒಂದು ಭಾನುವಾರ ಬೆಳಿಗ್ಗೆ ನವನಗರದ ನಮ್ಮ ಮನೆಯ ಗೇಟು ಸದ್ದಾಯಿತು. ನೋಡಿದರೆ ಗುರುಗಳು! ಮೊಣಕಾಲು ನೋವಿನ ಆ ಹಿರಿಯ ಜೀವ ಬಸ್ಸಿಳಿದು, ಸೆಕ್ಟರ್ ಸೆಕ್ಟರ್ ವಿಚಾರಿಸಿಕೊಂಡು ನಡೆದು ಬಂದಿತ್ತು. ನೀರು ಕೊಟ್ಟೆ. ಕುಡಿಯಲಿಲ್ಲ.

"ನನ್ನಿಂದ ತಪ್ಪಾತವ್ವಾ. ಅದನ್ನ ಒಪ್ಪಿಕೊಳ್ಳಾಕ ಬಂದೇನಿ" ಎಂದರು.

"ನಿಮ್ಮಿಂದ ಏನ್ ತಪ್ಪರಿ ಗುರುಗಳ?"

"ಮೂರು ಅನ್ನೂದ ಖರೆ ಅಂತ ನನಗ ಗೊತ್ತಿತ್ತು. ಆದ್ರೂ ಸುಮ್ನಾದ್ನಿ. ಎಷ್ಟು ದೊಡ್ಡ ಮನಸ್ಸು ಅಂತ ಮಂದಿ ಅಂದ್ರು. ಒಳಗ ಹಿಗ್ಗಿ ಹೋದ್ನಿ ನೋಡು, ಅಲ್ಲೇ ಆ ನಾಕನೇದಂವನ ಕೈಯಾಗ ಸಿಕ್ಕಬಿದ್ನಿ. ನನ್ನ ದೊಡ್ಡಸ್ತನದ ಸಲುವಾಗಿ ನಿನ್ನನ್ನ ತಪ್ಪಿನೊಳಗ ಬಿಟ್ಟ ಬಂದ್ನಿ. ಗುರು ಆದಂವ ಮಾಡೂ ಕೆಲಸ ಅಲ್ಲ ಅದು."

ಆಗಲೇ ಕಾಲಿಗೆ ಬಿದ್ದು, ನನಗೆ ಅಂದೇ ಗೊತ್ತಾಗಿತ್ತು ಎನ್ನಬಹುದಿತ್ತು. ಬಾಯಿಂದ ಬಂದದ್ದೇ ಬೇರೆ.

"ಹೌದೇನ್ರಿ? ಹಂಗಾದ್ರ ಪುಸ್ತಕ ತಗದು ನೋಡ್ತೇನ್ರಿ."

ಆ ಪುಸ್ತಕ ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು, ಅದೇ ಪುಟಕ್ಕೆ ಕಾಗದದ ಗುರುತು ಸಿಕ್ಕಿಸಿಕೊಂಡು. ಅಂಥವರ ಎದುರಿಗೆ ಅಂಥ ಸುಳ್ಳು, ಅಷ್ಟು ಸಲೀಸಾಗಿ...

"ನೋಡವ್ವಾ, ನೋಡು" ಎಂದು ಅವರು ಸಮಾಧಾನದಿಂದ ನೀರು ಕುಡಿದರು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ದಾರಿಯಲ್ಲೂ ಹೇಳಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಹುನಗುಂದದ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಸಹೋದ್ಯೋಗಿಯೊಬ್ಬರು ಬಾದಾಮಿಯ ಪ್ರಸಂಗ ಎತ್ತಿದರು. ಶಿಷ್ಯೆ ತಪ್ಪು ತಿದ್ದಿದಾಗ ಗುರು ತಲೆಬಾಗಿದರು ಎಂದು ಹೊಗಳಿದರು. ತಡೆಯಲಾಗಲಿಲ್ಲ. ಎದ್ದು ಹೋಗಿ ಎಲ್ಲವನ್ನೂ ಹೇಳಿದೆ. ಅವರು ಹೇಳಿದ್ದೇ ಸರಿಯಿದ್ದದ್ದು, ಅವರು ನನ್ನ ಮನೆಗೆ ಬಂದದ್ದು, ನಾನು ಮುಖಕ್ಕೆ ಮುಖ ಕೊಟ್ಟು ಸುಳ್ಳಾಡಿದ್ದು. ವೇದಿಕೆಯಿಂದ ಕೆಳಗಿಳಿದಾಗ ಹಿರಿಯರೊಬ್ಬರು ಕೈಹಿಡಿದುಕೊಂಡು, "ನಾಕ ಮಂದಿ ಮುಂದ ಇಂಥಾದ್ದನ್ನ ಒಪ್ಪಿಕೊಳ್ಳಾಕ ಭಾಳ ದೊಡ್ಡ ಮನಸ್ಸು ಬೇಕವ್ವಾ" ಎಂದರು.

ಒಳಗೆ ಏನೋ ಹಿಗ್ಗಿತು. ಅವರ ಫೋಟೊದ ಮುಂದೆಯೇ, ಕೆನ್ನೆಯ ಮೇಲಿನ ಕಣ್ಣೀರು ಇನ್ನೂ ಆರದಿರುವಾಗಲೇ. ನನಗೇ ನನ್ನ ಭಯವಾಯಿತು.

ಈಗ ಅಹಂಕಾರದ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತೇನೆ. ಹೇಳುತ್ತಲೇ ಆ ಹಿಗ್ಗು ಒಳಗೆ ತಲೆಯೆತ್ತುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ. ಎತ್ತುತ್ತದೆ. "ಮತ್ತ ಸಿಕ್ಕಬಿದ್ನಿರಿ ಗುರುಗಳ" ಎಂದು ಹೋಗಿ ಹೇಳೋಣವೆಂದರೆ, ಹುನಗುಂದದ ಅವರ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.