ಮಿರಜಿನ ದಾರಿಯಲ್ಲಿ ನನ್ನ ಎಡಗೈ

ಸತ್ತವರು ಬಂದು ಹೋದರು, ಯಾರದೋ ಮೈಮೇಲೆ ಯಾರೋ ಬಂದರು ಎಂಬ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಎದ್ದು ಹೋಗಲಾಗದ ಕಡೆ ವಾದಕ್ಕೆ ನಿಲ್ಲುತ್ತಿದ್ದೆ. ಸಲಗರೆ ಎಂಬ ಹಳ್ಳಿಯಲ್ಲಿ ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಮಠದಲ್ಲಿ ಉಂಡು, ಹಿಟ್ಟಿನ ಗಿರಣಿಯಲ್ಲಿ ದುಡಿದು, ನಮ್ಮ ಇಡೀ ಬಳಗದಲ್ಲಿ ಮೊದಲು ಬಿ.ಎಸ್ಸಿ. ಆದವನು ನಾನು. ಅದರ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ನನಗೆ ಗೊತ್ತಿರುವ ಒಂದೊಂದು ಸಂಗತಿಯೂ ಯಾರಿಂದ ಬಂತು, ಎಷ್ಟು ಕಷ್ಟಪಟ್ಟು ಬಂತು ಎಂದು ಹೇಳಬಲ್ಲೆ. ಹಾಗೆ ಹೇಳಲಾಗದ್ದು ಒಂದೇ ಒಂದಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದೇನಿಲ್ಲ.

ಸಂಸ್ಥಾನಗಳು ಇನ್ನೂ ಇದ್ದವು, ಯುದ್ಧ ನಡೆದಿತ್ತು. ನಾನು ಸಾಂಗ್ಲಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅರಿಷಿಣದ ವ್ಯಾಪಾರ ಮಾಡುವ ಒಂದು ಲಿಂಗಾಯತರ ಮನೆಯ ಹಿಂದಿನ ಖೋಲಿಯಲ್ಲಿ ನನ್ನ ವಾಸ. ಮನೆಯ ಯಜಮಾನರು ನಾನು ಊರಿಗೆ ಬರುವ ಮೊದಲೇ ತೀರಿಕೊಂಡಿದ್ದರು. ಅವರನ್ನು ನಾನು ಕಂಡವನಲ್ಲ. ಅವರ ಹೆಂಡತಿ ಗೌರವ್ವನನ್ನು ಎಲ್ಲರಂತೆ ನಾನೂ ಕಾಕು ಎನ್ನುತ್ತಿದ್ದೆ. ಅವರಿಗೆ ಬಸು ಒಬ್ಬನೇ ಮಗ. ತಾಯಿ ಬೇಡವೆಂದಾಳೆಂದು ಹೇಳದೆಯೇ ಹೋಗಿ ಪಲ್ಟನ್ ಸೇರಿದ್ದ. ಆಮೇಲೆ ಊರಿಗೆ ಬಂದೇ ಇರಲಿಲ್ಲ. ಕಾಕು ಅವನ ಹೆಸರು ಎತ್ತುತ್ತಿರಲಿಲ್ಲ. ಆದರೆ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಡುತ್ತಿದ್ದರು.

ಅರಿಷಿಣ ತುಂಬುವ ವಖಾರಿಯ ಮೂಲೆಯಲ್ಲಿ ಯಜಮಾನರ ಮೋಟಾರ್ ಸೈಕಲ್ಲು ನಿಂತಿತ್ತು. ಎಡಕ್ಕೆ ಒಬ್ಬರು ಕೂರುವಂಥ ಸೈಡ್‌ಕಾರು. ಅವರು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬನ ಹೊಸ ಗಾಡಿಯ ಮೇಲೆ ನಾನು ಓಡಿಸುವುದನ್ನು ಕಲಿತಿದ್ದೆ. ಹೀಗಾಗಿ ರಜೆಯ ದಿನಗಳಲ್ಲಿ ಇದನ್ನು ಬಿಚ್ಚಲು ಕುಳಿತೆ. ಹೊಗೆ ಕೊಳವೆಯೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ಕಾರ್ಬ್ಯುರೇಟರಿನಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು, ಅದರ ಮೇಲೆ ಅರಿಷಿಣದ ಧೂಳು. ಎಲ್ಲವನ್ನೂ ತೊಳೆದೆ, ಪ್ಲಗ್ ಉಜ್ಜಿದೆ. ಕಿಡಿ ಬಂತು. ಇಂಜಿನ್ ಎಣ್ಣೆಯ ಟಾಕಿಗೆ ಹೊಸ ಎಣ್ಣೆ ಹಾಕಿದೆ. ಒದ್ದರೆ ಶುರುವಾಗುತ್ತಿತ್ತು, ಆದರೆ ಸ್ವಲ್ಪ ಹೊತ್ತಿಗೆ ಬಿಕ್ಕಿ ನಿಲ್ಲುತ್ತಿತ್ತು.

“ಏನ್ ಮಾಸ್ತರ, ನಿನ್ನ ಸಾಯನ್ಸಿನ ಮಾತು ಕೇಳವಲ್ದೇನು ಅದು?” ಎಂದು ಕಾಕು ಕೆಣಕುತ್ತಿದ್ದರು. “ಅವರು ಒಂದ ಸಲ ಒದ್ದರ ಕೊಲ್ಲಾಪುರತನಾ ಹೋಗತಿತ್ತು.”

ಒಂದು ಮಧ್ಯಾಹ್ನ ಅಂಗಡಿಯ ಗುಮಾಸ್ತ ದಾದು ಸೈಕಲ್ ತುಳಿದುಕೊಂಡು ಮಿರಜಿನಿಂದ ಬಂದ. ಅರಿಷಿಣದ ಚೀಲ ಕಳಿಸಲು ಸ್ಟೇಶನ್ನಿಗೆ ಹೋಗಿದ್ದನಂತೆ. “ಕಾಕು, ನಮ್ಮ ಬಸೂನ್ನ ನೋಡಿ ಬಂದೆ. ಪಲ್ಟನ್ನಿನ ರೈಲು ನಿಂತದ. ಇಂಜಿನ್ ಬದಲಿ ಮಾಡಾಕ ಹತ್ಯಾರ, ಆದ ಕೂಡ್ಲೆ ಬಿಡತಾರಂತ. ಎಲ್ಲಿಗೆ ಅನ್ನೋದು ಅವಂಗೂ ಗೊತ್ತಿಲ್ಲ.”

ಸಾಂಗ್ಲಿಯಿಂದ ಹೋಗುವ ರೈಲು ಆಗಲೇ ಹೋಗಿತ್ತು. ಟಾಂಗಾದಲ್ಲಿ ಹೋದರೆ ಮುಟ್ಟುವಂತಿರಲಿಲ್ಲ. ಕಾಕು ಸೆರಗು ಬಿಗಿದುಕೊಂಡು ಹೋಗಿ ಸೈಡ್‌ಕಾರಿನಲ್ಲಿ ಕುಳಿತುಬಿಟ್ಟರು. ನಾನು ಒದ್ದೆ. ಶುರುವಾಯಿತು, ಬಿಕ್ಕಿತು, ನಿಂತಿತು. ಬೆವರು ಒರೆಸಿಕೊಂಡು ಯೋಚಿಸಿದೆ. ಪೆಟ್ರೋಲಿದೆ, ಕಿಡಿಯಿದೆ, ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ ಎಂದರೆ ಪೆಟ್ರೋಲು ಇಳಿಯುವುದು ನಿಲ್ಲುತ್ತಿದೆ. ಪೆಟ್ರೋಲ್ ಟಾಕಿಯೊಳಗೆ ಗಾಳಿ ಹೋಗುತ್ತಿಲ್ಲ. ಮುಚ್ಚಳ ನೋಡಿದೆ. ಗಾಳಿಯ ಸಣ್ಣ ತೂತು ಅರಿಷಿಣದಿಂದ ಗಟ್ಟಿಯಾಗಿ ಮುಚ್ಚಿತ್ತು. ಕಾಕು ತಮ್ಮ ಸೆರಗಿನ ಪಿನ್ನು ಬಿಚ್ಚಿ ಕೊಟ್ಟರು. ಚುಚ್ಚಿದೆ. ಈ ಸಲ ನಿಲ್ಲಲಿಲ್ಲ.

ದಾರಿಯ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಅದೇ ವಿಚಿತ್ರ. ಬೇವಿನ ಮರ, ಎತ್ತಿನ ಗಾಡಿ, ಮಿರಜ ಸಂಸ್ಥಾನದ ಸುಂಕದ ನಾಕೆಯಲ್ಲಿ ಸಿಪಾಯಿ ಅಡ್ಡಗಂಬ ಎತ್ತಿದ್ದು, ಇಷ್ಟೇ ನೆನಪು. ಕಣ್ಣು ರಸ್ತೆಯ ಮೇಲಿತ್ತು. ಗಾಡಿ ಸದ್ದು ಬದಲಿಸದೆ ಓಡಿತು.

ರೈಲು ಇತ್ತು. ಬಸು ಕಿಟಕಿಯಲ್ಲಿದ್ದ.

“ಅವ್ವಾ, ಹೆಂಗ ಬಂದಿ?”

“ನಿಮ್ಮಪ್ಪನ ಗಾಡಿ ಮ್ಯಾಲೆ.”

ಅವನು ನಕ್ಕ, ಆಮೇಲೆ ನಗಲಿಲ್ಲ. “ಸಿಟ್ಟಾಗೀಯೇನ?” ಎಂದ. ಕಾಕು ಕೈ ಚಾಚಿ ಅವನ ಗಲ್ಲ ಹಿಡಿದರು. ಇಂಜಿನ್ ಕೂಗಿದ ಮೇಲೂ ಹಿಡಿದುಕೊಂಡೇ ಒಂದಿಷ್ಟು ನಡೆದರು.

ಹೊರಗೆ ಬಂದ ಮೇಲೆ ಕೇಳಿದರು: “ಮಾಸ್ತರ, ಆ ಗುಂಡಿ ಒತ್ತೋದು ನಿನಗ ಯಾರು ಕಲಿಸಿದ್ರು?”

“ಯಾವ ಗುಂಡಿ?”

ಪೆಟ್ರೋಲ್ ಟಾಕಿಯ ಎಡಕ್ಕೆ, ಮೊಣಕಾಲಿನ ಹತ್ತಿರ ಇದ್ದ ಹಿತ್ತಾಳೆಯ ಗುಂಡಿ ತೋರಿಸಿದರು. ಅದು ಏತಕ್ಕೆಂದು ತಿಳಿಯದೆ ನಾನು ಬಿಟ್ಟಿದ್ದೆ. “ದಾರಿತುಂಬ ಒತ್ತಿದೆಲ್ಲ. ಸಪಾಟ ಇದ್ದಲ್ಲಿ ಬಿಟ್ಟು ಬಿಟ್ಟು, ಏರಿನಾಗ ಲಗು ಲಗು. ಅವರೂ ಹಂಗ ಒತ್ತತಿದ್ರು.”

“ನಾ ಅದನ್ನ ಮುಟ್ಟೇ ಇಲ್ರಿ ಕಾಕು.”

“ಪಕ್ಕದಾಗ ಕುಂತಿದ್ನೆಪಾ. ನನಗೇನು ಕಣ್ಣಿಲ್ಲೇನು?”

ಎಡಗೈ ತಿರುಗಿಸಿ ನೋಡಿದೆ. ಅಂಗೈಯ ಬುಡದಲ್ಲಿ ದುಂಡಗೆ ಕೆಂಪು ಗುರುತು ಬಿದ್ದಿತ್ತು. ಗುಂಡಿಯ ಮೇಲೆ ಇಟ್ಟು ನೋಡಿದೆ, ಸರಿ ಕೂತಿತು. ಗುಂಡಿಯ ಕೆಳಗಿನ ಸಣ್ಣ ಕೊಳವೆ ಎಣ್ಣೆಯ ಟಾಕಿಗೆ ಸೇರಿತ್ತು; ಮುಚ್ಚಳ ಬಿಚ್ಚಿ ನೋಡಿದರೆ ನಾನು ಹಾಕಿದ್ದ ಎಣ್ಣೆ ಇಳಿದಿತ್ತು.

ತಿರುಗಿ ಬರುವಾಗ ನಾನೇ ಲಕ್ಷ್ಯವಿಟ್ಟು ಒತ್ತಿದೆ. ಬಿರುಸಾದ ಗುಂಡಿ, ಒತ್ತಿದ್ದು ಗೊತ್ತಾಗದೆ ಇರುವಂಥದ್ದಲ್ಲ. ಮೇಲಾಗಿ ಎಷ್ಟು ಒತ್ತಬೇಕೆಂಬ ಹದ ನನಗೆ ಸಿಗಲಿಲ್ಲ. ಕಡಿಮೆ ಒತ್ತಿದರೆ ಇಂಜಿನ್ ಕಟಕಟ ಅನ್ನುತ್ತಿತ್ತು; ಹೆಚ್ಚು ಒತ್ತಿದರೆ ನೀಲಿ ಹೊಗೆ, ಪ್ಲಗ್ ಎಣ್ಣೆಯಲ್ಲಿ ಮುಳುಗಿ ಗಾಡಿ ನಿಲ್ಲುತ್ತಿತ್ತು. ರಸ್ತೆಯ ಬದಿಗೆ ಕುಳಿತು ಮತ್ತೆ ಮತ್ತೆ ಪ್ಲಗ್ ಒರೆಸಿದೆ.

“ಹೋಗೋವಾಗ ಇಷ್ಟು ಚಂದ ಓಡ್ತಲ್ರಿ,” ಎಂದೆ.

ಕಾಕು ಸೈಡ್‌ಕಾರಿನಲ್ಲೇ ಕುಳಿತು ಹೊಲದ ಕಡೆ ನೋಡುತ್ತಿದ್ದರು. “ಹೋಗೋವಾಗ ಅವರಿಗೂ ಮಗನ್ನ ನೋಡೋದಿತ್ತು,” ಎಂದರು. ಹೊತ್ತಾಯಿತು ಎನ್ನುವ ಹಾಗೆ ಹೇಳಿದರು, ಅಷ್ಟೇ. ನಾನು ವಾದಕ್ಕೆ ನಿಲ್ಲದೆ ಪ್ಲಗ್ ಕೂರಿಸಿದೆ.

ಮುಂದಿನ ರಜೆಯಲ್ಲಿ ಆ ಗುಂಡಿಯನ್ನು ಬಿಚ್ಚಿದೆ. ಅದು ಎಣ್ಣೆಯ ಪಂಪು. ಹಳೆಯ ಗಾಡಿಗಳಲ್ಲಿ ಕೈಯಿಂದ ಒತ್ತಿದರೆ ಮಾತ್ರ ಎಣ್ಣೆ ಇಂಜಿನ್ನಿಗೆ ಹೋಗುತ್ತಿತ್ತು. ನಾನು ಕಲಿತ ಹೊಸ ಗಾಡಿ ತಾನೇ ಎಣ್ಣೆ ಹಾಕಿಕೊಳ್ಳುತ್ತಿತ್ತು. ಒತ್ತದಿದ್ದರೆ ಮಿರಜು ಮುಟ್ಟುವುದು ದೂರದ ಮಾತು, ಅರ್ಧ ದಾರಿಗೇ ಇಂಜಿನ್ ಬಿಗಿದು ನಿಲ್ಲಬೇಕಿತ್ತು. ಎಣ್ಣೆ ತಾನಾಗಿ ಸೋರಿತೇನೋ ಎಂದು ಗಾಡಿಯನ್ನು ಹಾಗೇ ನಿಲ್ಲಿಸಿ ನೋಡಿದೆ, ಸೋರಲಿಲ್ಲ. ಅವಸರದಲ್ಲಿ ಒತ್ತಿ ಮರೆತೆ ಎಂದುಕೊಳ್ಳೋಣವೆಂದರೆ, ಏರಿನಲ್ಲಿ ಹೆಚ್ಚು, ಸಪಾಟಿನಲ್ಲಿ ಕಡಿಮೆ ಎಂಬುದು ನನಗೆಲ್ಲಿಂದ ಬಂತು?

ಯುದ್ಧ ಮುಗಿದು ಬಸು ಸುಖವಾಗಿ ಮನೆಗೆ ಬಂದ. ಅಪ್ಪನ ಗಾಡಿ ಕಲಿಸಿರೆಂದು ಬೆನ್ನು ಹತ್ತಿದ. ಗೇರು, ಕ್ಲಚ್ಚು ಎಲ್ಲ ಕಲಿಸಿದೆ. ಹಿತ್ತಾಳೆಯ ಗುಂಡಿಯ ಮೇಲೆ ಕೈಯಿಟ್ಟು, “ಇದನ್ನ ಎಷ್ಟೊತ್ತಿಗೊಮ್ಮೆ ಒತ್ತಬೇಕ್ರಿ ಮಾಸ್ತರ?” ಎಂದು ಕೇಳಿದ.

“ನನ್ನ ಕೈಗೆ ಒಮ್ಮೆ ಗೊತ್ತಿತ್ತು,” ಎಂದೆ. “ನನಗ ಗೊತ್ತಿಲ್ಲಪಾ.”