ಬಿಳಿ ಕಂಬಳಿಗೆ ಅಂಟಿದ ಮಸಿ

ನಾನು ಲಂಗ ಎತ್ತಿಕಟ್ಟಿ ಬೀದಿ ಸುತ್ತುತ್ತಿದ್ದ ಎಪ್ಪತ್ತರ ದಶಕದ ಕೊನೆಯ ದಿನಗಳವು. ಮಿಡಿಗೇಶಿ ಕಡೆಯ ನಮ್ಮ ಊರಿನಲ್ಲಿ ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಮನೆಮನೆಯಲ್ಲೂ ಕಂಬಳಿ ಕೆಲಸ. ನೂಲನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿ, ಎಳೆ ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಬಿಟ್ಟರೆ ಬೀದಿಯೆಲ್ಲ ಬೆಂದ ಗಂಜಿಯ ವಾಸನೆ. ಹುರಿದ ಹುಣಸೆಬೀಜ ಕಡಿಯುತ್ತ ಕೋಳಿ ಅಟ್ಟುವುದು ನಮ್ಮ ಪಾಲಿನ ಕೆಲಸ.

ಆ ವರ್ಷ ಅಪ್ಪ ದೇವರ ಗದ್ದುಗೆಗೆ ಹಾಸಲೆಂದು ಬಿಳಿ ಉಣ್ಣೆಯ ಕಂಬಳಿಗೆ ಕೈಹಾಕಿದ್ದ. ಮೋಡ ಕವಿದು ಬಿಸಿಲೇ ಇಲ್ಲ. ಗಂಜಿ ಒಣಗದಿದ್ದರೆ ನೂಲು ಮುಗ್ಗಲು ಹಿಡಿಯುತ್ತದೆ. ಅಮ್ಮನ ತಮ್ಮ, ನಮ್ಮ ಸೋದರಮಾವ, ಊರ ಹೊರಗೆ ಇಟ್ಟಿಗೆ ಗೂಡು ಹಚ್ಚಿದ್ದ. ಅದರ ಕಾವಿಗೆ ಬೇಗ ಒಣಗೀತೆಂದು ಅಪ್ಪ ಗೂಡಿನ ಪಕ್ಕದಲ್ಲೇ ನೂಲು ಎಳೆದ. ಅಮ್ಮ ಅಲ್ಲಿದ್ದ ಬೇವಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಎಳೆಗೂಸು ತಮ್ಮನನ್ನು ಮಲಗಿಸಿದಳು.

ಸೌದೆ ನೆನೆದಿತ್ತು. ಮಾವ ಶಿರಾದಿಂದ ಹಳೇ ಲಾರಿ ಟೈರು ತರಿಸಿದ್ದ. ನಾವು ಅವುಗಳೊಳಗೆ ಕೂತು ಬಸ್ಸಾಟ ಆಡುತ್ತಿದ್ದರೆ, ನಮ್ಮನ್ನು ಎಬ್ಬಿಸಿ ಒಂದೊಂದನ್ನೇ ಬೆಂಕಿಗೆ ದೂಡಿದ. ಕರಿ ಹೊಗೆ ಮೇಲೇಳದೆ ನೆಲದಲ್ಲೇ ಹರಿದು ಬಂತು. ಗಂಟಲು ಕೆರೆಯುವ, ನಾಲಿಗೆಗೆ ಅಂಟುವ ಕಹಿ ವಾಸನೆ.

"ಏನ್ಲಾ, ಭಾವನ ಮೊಕಕ್ಕೆ ಮಸಿ ಬಳಿಯಾಕೆ ನಿಂತಿದ್ದೀಯಾ?" ಅಪ್ಪ ಕೆಮ್ಮುತ್ತ ಕೂಗಿದ.

"ಒಂದು ಟೈರು ಅರ್ಧ ಗಾಡಿ ಸೌದೆಗೆ ಸಮ ಕಣ್ ಭಾವ. ಹೊಗೆ ತಾನೆ, ಗಾಳಿ ಬೀಸಿದ್ರೆ ಹೋಯ್ತದೆ ಬುಡು."

ಹೋಗಲಿಲ್ಲ. ಮಧ್ಯಾಹ್ನ ಅಜ್ಜಿ ಬುತ್ತಿ ತರುವ ಹೊತ್ತಿಗೆ ಹಸಿ ಗಂಜಿಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಮಸಿ ಕೂತಿತ್ತು. ಒರೆಸಿದರೆ ಎಣ್ಣೆಯಂತೆ ಹರಡಿತು. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಅಜ್ಜಿ ಮಾತ್ರ ನೂಲು ಬಿಟ್ಟು ಜೋಲಿಯ ಕಡೆ ನಡೆದಳು. ತಮ್ಮನ ಮೂಗಿನ ಸುತ್ತ ಕಪ್ಪು. ಎದೆ ಗೊರಗೊರ ಎನ್ನುತ್ತಿತ್ತು, ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು.

"ನೂಲಿನ ಮ್ಯಾಲೆ ಇಷ್ಟು ಕೂತೈತೆ. ಮಗೀನ ಎದೆ ಒಳಗೆ ಎಷ್ಟು ಕೂತೈತೋ, ನೋಡಾಕಾಯ್ತದೇನಪ್ಪಾ?" ಮಾವನಿಗೆ ಇಷ್ಟೇ ಅಂದಳು. ದನಿ ಏರಿಸಲಿಲ್ಲ.

ಮಾವ ಹಾರೆ ಹಾಕಿ ಉರಿಯುವ ಟೈರುಗಳನ್ನು ಹೊರಗೆಳೆದು ಮಣ್ಣು ಸುರಿದ. ಆ ಗೂಡಿನ ಇಟ್ಟಿಗೆ ಅರೆಬೆಂದು ಹಾಳಾಯಿತು. ಅಪ್ಪ ಅಮ್ಮ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆಂದು ಮಧುಗಿರಿ ಬಸ್ಸಿಗೆ ಓಡಿದರು. ಅವರು ಬರುವ ತನಕ ನಾನು ಬಾಗಿಲಿನಿಂದ ದೇವರ ಗೂಡಿಗೆ, ದೇವರ ಗೂಡಿನಿಂದ ಬಾಗಿಲಿಗೆ ತಿರುಗಿದ್ದೇ ತಿರುಗಿದ್ದು. ದೀಪದ ಬತ್ತಿ ಚೂರು ಹೊಗೆಯಾಡಿದರೂ ಓಡಿ ಹೋಗಿ ಸರಿಮಾಡುತ್ತಿದ್ದೆ.

ತಮ್ಮ ಉಳಿದ, ದೇವರು ದೊಡ್ಡವನು. ಮೋಡ ಕವಿದರೆ ಇಂದಿಗೂ ಅವನಿಗೆ ಉಬ್ಬಸ ಬರುತ್ತದೆ, ಆದರೆ ಇದ್ದಾನಲ್ಲ. ಮಸಿ ಹೋಗದ ಆ ನೂಲಿನಲ್ಲೇ ನೇಯ್ದ ಕಂಬಳಿ ಗದ್ದುಗೆಗೆ ಬರಲಿಲ್ಲ. ಅದರ ಮೇಲೆ ಮಲಗಿಯೇ ಅವನು ಬೆಳೆದ.

ಈಗ ನಮ್ಮ ಬೀದಿಯಲ್ಲಿ ನೂಲು ಎಳೆಯುವವರಿಲ್ಲ. ಸಂಜೆ ಗಾಳಿ ತಿರುಗಿದರೆ ಎಲ್ಲಿಂದಲೋ ಟೈರು ಸುಟ್ಟ ಅದೇ ಕಹಿ ವಾಸನೆ. ಬೆಳಗ್ಗೆ ತುಳಸಿ ಎಲೆ ಒರೆಸಿದರೆ ಬೆರಳು ಕಪ್ಪಾಗುತ್ತದೆ. ಅಂದು ಟೈರು ಸುಟ್ಟವನು ನಮ್ಮ ಮಾವ. ಅಜ್ಜಿ ಒಂದು ಮಾತು ಕೇಳಿದಳು, ಅವನು ಹಾರೆ ಎತ್ತಿಕೊಂಡ. ಇಂದು ನಾನು ಯಾರ ಬಾಗಿಲಿಗೆ ಹೋಗಿ ಕೇಳಲಿ? ಕಿಟಕಿ ಮುಚ್ಚಿ, ಮೊಮ್ಮಗುವಿನ ಮೂಗಿಗೆ ಸೆರಗು ಹಿಡಿದು ಕೂರುತ್ತೇನೆ.