ಸಲಾಕೆ ಬಿದ್ದ ಶುಕ್ರವಾರ

ಮೇಡಂ ಅವರ ಬಲಗೈಯ ನಡುವಿನ ಎರಡು ಬೆರಳುಗಳು ಮಡಚುತ್ತಿರಲಿಲ್ಲ. ಚಹಾದ ಲೋಟ ಹಿಡಿದರೆ ಅವೆರಡು ಮಾತ್ರ ಕಡ್ಡಿಗಳ ಹಾಗೆ ಹೊರಗೆ ಚಾಚಿರುತ್ತಿದ್ದವು. ನಾನು ಕೆಲಸಕ್ಕೆ ಸೇರಿದಾಗ ಸರಿಯಾಗಿಯೇ ಇದ್ದವು. ಮುರಿದದ್ದು ನನ್ನ ಕಣ್ಣೆದುರು.

ಕಾಪುವಿನ ಒಂದು ಮೀನು ರಫ್ತು ಕಂಪೆನಿಯಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ಮೇಡಂ ಮತ್ತು ನಾನು. ಅವರು ಹಿರಿಯಡ್ಕದ ಬ್ಯಾರಿ ಮುಸ್ಲಿಂ ಕುಟುಂಬದವರು. ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. "ಮೊದಲು ನಕಲು ತೆಗಿ, ಮತ್ತೆ ಕೈ ಹಾಕು" ಎಂಬುದನ್ನು ಬೈದು ಬೈದೇ ಕಲಿಸಿದರು.

ಆ ಶುಕ್ರವಾರ ನಾವು ಬರುವಾಗ ಮೇಲ್ ಸರ್ವರ್ ಸತ್ತು ಬಿದ್ದಿತ್ತು. ಧಣಿಯ ಅಳಿಯ ಮೇಡಂಗೆ ಹೇಳದೆ ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ದ. ಅದರೊಂದಿಗೆ ಹೊಸದಾಗಿ ಬಂದ ಡೇಟಾಬೇಸ್, ಹಳೆಯ ಮೇಲ್‌ಗಳನ್ನು ಓದಲೊಲ್ಲೆ ಎಂದು ಕೂತಿತ್ತು. ಬಂದರಿನಲ್ಲಿದ್ದ ಮೀನಿನ ಕಂಟೇನರ್ ಹೊರಡಲು ಬೇಕಾದ ಗಲ್ಫಿನ ಒಪ್ಪಿಗೆ ಪತ್ರ ಅದರೊಳಗೇ ಸಿಕ್ಕಿಕೊಂಡಿತ್ತು. ಅಲ್ಲಿ ಅಂದು ರಜೆ, ಮತ್ತೆ ಕಳಿಸುವವರಿಲ್ಲ.

ಮಧ್ಯಾಹ್ನ ಎರ್ಮಾಳಿನ ವ್ಯಾಪಾರಿಯೊಬ್ಬ ತನ್ನ ಜನರೊಂದಿಗೆ ನುಗ್ಗಿದ. ಕಂಟೇನರಿನಲ್ಲಿದ್ದದ್ದು ಅವನ ಮೀನು. ಗಾಜಿನ ಬಾಗಿಲು ಒಡೆದ. ಅಳಿಯನ ಕಾಲರ್ ಹಿಡಿದು ಮುಖವನ್ನು ಗೋಡೆಗೆ ಬಡಿದ. ರಕ್ತ ಅಂಗಿಗೆ ಇಳಿಯಿತು. "ಈ ಡಬ್ಬದ ಹೆಸರು ಹೇಳಿ ನನ್ನ ಮೀನು ಕೊಳೆಸುವುದಾ? ಇದನ್ನೇ ಪುಡಿ ಮಾಡುತ್ತೇನೆ!" ಎಂದು ಮಂಜುಗಡ್ಡೆ ಒಡೆಯುವ ಕಬ್ಬಿಣದ ಸಲಾಕೆ ಎತ್ತಿದ.

ಮೇಡಂ ಸರ್ವರಿನ ಮೇಲೆ ಅಡ್ಡ ಕೈ ಇಟ್ಟರು. "ನಿಮ್ಮ ಪತ್ರ ಇದರೊಳಗೇ ಉಂಟು. ಒಡೆದರೆ ಎಂತ ಸಿಗುತ್ತದೆ?"

ಸಲಾಕೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮೇಡಂ ಕಿರುಚಿ ಕುಸಿದರು. ಅವನು ಮತ್ತೆ ಎತ್ತಿದಾಗ ಅವನ ಜನರೇ ಅವನ ಮೇಲೆ ಬಿದ್ದು ನೆಲಕ್ಕೆ ಒತ್ತಿ ಹಿಡಿದರು.

ಮಣಿಪಾಲದ ಆಸ್ಪತ್ರೆಗೆ ನಾನೂ ಬರುತ್ತೇನೆಂದೆ. ಮೇಡಂ ಹಲ್ಲು ಕಚ್ಚಿ ಬೈದರು. "ಸರ್ವರಿನಲ್ಲೇ ನಕಲು ತೆಗೆದಿಟ್ಟಿದ್ದೇನೆ. ಹಳೆಯ ಡೇಟಾಬೇಸ್ ಇರುವ ಇನ್ನೊಂದು ಯಂತ್ರದಲ್ಲಿ ಅದನ್ನು ತೆರೆ. ಅಲ್ಲಿಂದ ಹೊರಗೆ ತೆಗೆದು ಹೊಸದಕ್ಕೆ ತುಂಬಿಸು. ಕೂತುಕೋ ಮಾರಾಯ, ಡ್ರೈವರ್ ಇದ್ದಾನಲ್ಲ!"

ಅವರ ರಕ್ತ ಸಿಡಿದ ಕೀಬೋರ್ಡಿನಲ್ಲೇ ಟೈಪ್ ಮಾಡಿದೆ. ಸಂಜೆಗೆ ಪತ್ರ ತೆರೆಯಿತು, ಮೀನು ಹೊರಟಿತು.

ಪೊಲೀಸ್ ಕೇಸಾಯಿತು. ಆಮೇಲೆ ಶುರುವಾಯಿತು ರಾಜಿಯ ಮಾತು. ಧಣಿ, ವ್ಯಾಪಾರಿಯ ಅಣ್ಣಂದಿರು, ಎಲ್ಲರೂ ಪರ್ಕಳದಲ್ಲಿ ಮೇಡಂ ಇದ್ದ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಿಳಿದರು. ಮೇಡಂ ಒಪ್ಪಲಿಲ್ಲ. ಉಡುಪಿಯ ಕೋರ್ಟಿನಲ್ಲಿ ವ್ಯಾಪಾರಿಯ ವಕೀಲರು, "ಕಂಪೆನಿಗಾಗಿ ಕೈಯನ್ನೇ ಬಲಿ ಕೊಟ್ಟ ದೊಡ್ಡ ಮನಸ್ಸು ನಿಮ್ಮದು, ಅಲ್ವಾ?" ಎಂದು ನಯವಾಗಿ ಕೇಳಿದರು.

"ಬಲಿ ಕೊಟ್ಟದ್ದಲ್ಲ," ಎಂದರು ಮೇಡಂ. "ಇವರು ಹೊಡೆದು ಮುರಿದದ್ದು."

ನಾನೂ ಕಂಡದ್ದನ್ನು ಹೇಳಿದೆ. ನನ್ನ ಕೆಲಸ ಹೋಯಿತು. ಮಣಿಪಾಲದಲ್ಲಿ ಮೇಡಂ ಸ್ವಂತ ಕಂಪ್ಯೂಟರ್ ಕಚೇರಿ ತೆರೆದಾಗ ನನ್ನನ್ನು ಕರೆದು ಕೂರಿಸಿದರು. ಈಗಲೂ ಅದನ್ನೇ ನಡೆಸುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಜೈಲಿನಿಂದ ಬಂದು ಕೆಲವು ವರ್ಷವಾಗಿದ್ದ ಆ ವ್ಯಾಪಾರಿ ಹಿರಿಯಡ್ಕದ ಮನೆಯ ಗೇಟಿನ ಹೊರಗೆ ನೆನೆಯುತ್ತ ನಿಂತಿದ್ದ. ಒಳಗೆ ಬರಲಿಲ್ಲ. ನನ್ನನ್ನು ಕಂಡು ಹತ್ತಿರ ಬಂದ.

"ನನ್ನ ಬಗ್ಗೆ ಅವರು ಎಂತಾದರೂ ಹೇಳಿದ್ದುಂಟಾ?"

ಇಲ್ಲ ಎಂದೆ. ಅದು ನಿಜವಾಗಿತ್ತು. ಅವನು ತಲೆಯಾಡಿಸಿದ. ಶವ ಹೊತ್ತ ಜನಾಜಾ ಹೊರಟು ಹೋಗುವವರೆಗೂ ಅಲ್ಲೇ ನಿಂತಿದ್ದ.